ಸಿಸ್ಟಿಕ್ ಫೈಬ್ರೋಸಿಸ್‌ಗೆ ಮದ್ದು ಹುಡುಕುವ ಲ್ಯಾಬ್ ಪರೀಕ್ಷೆಗಳು: ಯಾವುದು ಎಲ್ಲಿ ಮೋಸ ಹೋಗುತ್ತದೆ, ಯಾವುದನ್ನು ಆರಿಸಬೇಕು

ಶಿರಸಿ, ಕಾರವಾರ ಕಡೆ ಜೀವಶಾಸ್ತ್ರ ಓದುವ ಹುಡುಗರು ಹುಡುಗಿಯರು ಮಾತಿಗೆ ಸಿಕ್ಕರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಘಟ್ಟದಲ್ಲಿ ಇಷ್ಟು ಗಿಡ ಇದೆ, ಕಡಲಲ್ಲಿ ಇಷ್ಟು ಸ್ಪಂಜು, ಪಾಚಿ ಇದೆ, ಇದರಲ್ಲಿ ಇಂಥ ರೋಗಕ್ಕೆ ಮದ್ದು ಇದೆಯಾ ಅಂತ ನೋಡುವುದು ಹೇಗೆ? ಎಲ್ಲ ರೋಗಕ್ಕೂ ಸೇರಿಸಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಸಿಸ್ಟಿಕ್ ಫೈಬ್ರೋಸಿಸ್ ಒಂದನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ. ಪ್ಲೇಟಿನ ಗುಳಿಯಿಂದ ಹಿಡಿದು ರೋಗಿಯ ಕೈಗೆ ಮಾತ್ರೆ ಬರುವವರೆಗೆ ಇದರ ಹುಡುಕಾಟ ಚೆನ್ನಾಗಿ ದಾಖಲಾಗಿದೆ, ಗೆಲುವೂ ಇದೆ, ಎಡವಿದ್ದೂ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ವಿಧಾನ ಬೆಸ್ಟ್ ಅಂತ ಕೇಳಬೇಡಿ. ಈ ವಿಧಾನ ಯಾವುದಕ್ಕೆ ಮೋಸ ಹೋಗುತ್ತದೆ ಅಂತ ಕೇಳಿ. ಆಮೇಲೆ ಅದೇ ರೀತಿ ಮೋಸ ಹೋಗದ ಇನ್ನೊಂದನ್ನು ಅದರ ಜೊತೆಗೆ ಇಡಿ. ಆಯ್ಕೆಯ ಮುಕ್ಕಾಲು ಭಾಗ ಇಷ್ಟೇ.

ರೋಗದ ವಿಷಯ ಸ್ವಲ್ಪ ಗೊತ್ತಿರಲಿ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಇದು ಬರುತ್ತದೆ. ಜೀನ್ ಹೆಸರು ಸಿಎಫ್‌ಟಿಆರ್. 1989ರಲ್ಲಿ ಲ್ಯಾಪ್-ಚೀ ಟ್ಸುಯಿ, ಜಾನ್ ರಿಯೋರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು ಇದನ್ನು ಹುಡುಕಿದವು. ಇದರಿಂದ ತಯಾರಾಗುವ ಪ್ರೋಟೀನಿನಲ್ಲಿ 1480 ಅಮೈನೋ ಆಮ್ಲಗಳಿವೆ. ಅದು ಕೋಶದ ಪೊರೆಯಲ್ಲಿ ಕೂತು ಕ್ಲೋರೈಡನ್ನೂ ಬೈಕಾರ್ಬೊನೇಟನ್ನೂ ದಾಟಿಸುತ್ತದೆ. ಅದು ಕೆಲಸ ಮಾಡದಿದ್ದರೆ ಶ್ವಾಸಕೋಶದ ಕಫ ಗಟ್ಟಿಯಾಗುತ್ತದೆ, ಮೇದೋಜೀರಕ ಗ್ರಂಥಿಯ ನಾಳ ಕಟ್ಟಿಕೊಳ್ಳುತ್ತದೆ, ಬೆವರಿನಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ. ಬೆವರಿನ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕೂ ಮೇಲೆ ಇದ್ದರೆ ವೈದ್ಯರು ಈ ರೋಗ ಅಂತಲೇ ನೋಡುತ್ತಾರೆ. ನಮ್ಮ ಕರಾವಳಿಯ ಏಪ್ರಿಲ್ ಮೇ ಸೆಕೆಯಲ್ಲಿ ಇಂಥ ಮಗುವಿನ ಮೈಯಿಂದ ಎಷ್ಟು ಉಪ್ಪು ಹೋಗಬಹುದು ಅಂತ ಯೋಚಿಸಿ. ಇದು ಬಿಳಿಯರ ರೋಗ, ನಮ್ಮಲ್ಲಿಲ್ಲ ಅಂತ ಬಹಳ ಕಾಲ ಅಂದುಕೊಂಡಿದ್ದರಿಂದ ಇಲ್ಲಿ ಎಷ್ಟೋ ಮಕ್ಕಳಿಗೆ ಪರೀಕ್ಷೆಯೇ ಆಗುವುದಿಲ್ಲ. ದಿಲ್ಲಿಯ ಏಮ್ಸ್, ವೆಲ್ಲೂರಿನ ಸಿಎಂಸಿ ಕಡೆ ಇದರ ಮೇಲೆ ಕೆಲಸ ನಡೆದಿದೆ.

ಈ ಜೀನಿನಲ್ಲಿ ಇದುವರೆಗೆ 2000ಕ್ಕೂ ಜಾಸ್ತಿ ಬದಲಾವಣೆಗಳು ದಾಖಲಾಗಿವೆ. ಎಲ್ಲವೂ ಒಂದೇ ತರ ಕೆಡುವುದಿಲ್ಲ. ಕುಮಟಾ ಕಡೆಯ ಗಜನಿ ಗದ್ದೆಗೆ ಉಪ್ಪುನೀರು ಬಿಡುವ ಹಲಗೆ ಬಾಗಿಲನ್ನು ನೆನಪಿಸಿಕೊಳ್ಳಿ. ಕೆಲವರಲ್ಲಿ ಬಾಗಿಲು ಮಾಡುವ ಕೆಲಸವೇ ಅರ್ಧಕ್ಕೆ ನಿಂತಿರುತ್ತದೆ, ಜಿ542ಎಕ್ಸ್ ಇಂಥದ್ದು. ಕೆಲವರಲ್ಲಿ ಬಾಗಿಲು ತಯಾರಾಗುತ್ತದೆ, ಆದರೆ ಸೊಟ್ಟ ಅಂತ ಬಡಗಿಯೇ ಎಸೆದುಬಿಡುತ್ತಾನೆ, ಗದ್ದೆಯವರೆಗೆ ಬರುವುದೇ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಕಾಣುವ ಎಫ್508ಡೆಲ್ ಹೀಗೆ. ಇನ್ನು ಜಿ551ಡಿ ಇರುವವರಲ್ಲಿ ಬಾಗಿಲು ಜಾಗದಲ್ಲೇ ಇದೆ, ತೆರೆಯುವುದಿಲ್ಲ ಅಷ್ಟೇ. ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿ ಪೊರೆಗೆ ಕಳಿಸುವ ಮದ್ದಿಗೆ ಕರೆಕ್ಟರ್ ಅನ್ನುತ್ತಾರೆ, ಜಾಗದಲ್ಲಿದ್ದು ತೆರೆಯದ್ದನ್ನು ತೆರೆಸುವುದಕ್ಕೆ ಪೊಟೆನ್ಷಿಯೇಟರ್ ಅನ್ನುತ್ತಾರೆ. ನೀವು ಹುಡುಕುತ್ತಿರುವುದು ಯಾವುದನ್ನು ಅಂತ ತೀರ್ಮಾನ ಆಗುವವರೆಗೆ ಪರೀಕ್ಷೆ ಆರಿಸಲು ಹೋಗಲೇಬೇಡಿ.

ಹಳದಿ ಹೊಳಪಿನ ಪರೀಕ್ಷೆ

ಕಡಿಮೆ ದುಡ್ಡಿನಲ್ಲಿ ಸಾವಿರಗಟ್ಟಲೆ ಸ್ಯಾಂಪಲ್ ನೋಡಬೇಕು ಅಂದರೆ ಮೊದಲು ನೆನಪಾಗುವುದು ಇದು. ಕೋಶದೊಳಗೆ ಹಳದಿಯಾಗಿ ಹೊಳೆಯುವ ಪ್ರೋಟೀನ್ ಒಂದನ್ನು ಇಡುತ್ತಾರೆ, ವೈಎಫ್‌ಪಿ ಅಂತ. ಅದನ್ನು ಸ್ವಲ್ಪ ಬದಲಾಯಿಸಿ, ಅಯೋಡೈಡ್ ತಾಗಿದರೆ ಹೊಳಪು ಇಳಿಯುವ ಹಾಗೆ ಮಾಡಿರುತ್ತಾರೆ. ಹೊರಗಿನಿಂದ ಅಯೋಡೈಡ್ ಸುರಿದಾಗ ಸಿಎಫ್‌ಟಿಆರ್ ತೆರೆದಿದ್ದರೆ ಅದು ಒಳಗೆ ನುಗ್ಗುತ್ತದೆ, ಕೆಲವೇ ಸೆಕೆಂಡಿನಲ್ಲಿ ಹೊಳಪು ಬೀಳುತ್ತದೆ. ಎಷ್ಟು ಬೇಗ ಬಿತ್ತು ಅನ್ನುವುದೇ ಅಳತೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ವರ್ಕ್‌ಮನ್ ಮತ್ತು ಲೂಯಿಸ್ ಗಲಿಯೆಟ್ಟಾ ಇದನ್ನು ಬೆಳೆಸಿದರು. ಸಾಮಾನ್ಯವಾಗಿ ಬಳಸುವುದು ಎಫ್‌ಆರ್‌ಟಿ ಕೋಶ, ಅಂದರೆ ಫಿಷರ್ ತಳಿಯ ಇಲಿಯ ಥೈರಾಯ್ಡ್ ಕೋಶ. ಬೇಗ ಬೆಳೆಯುತ್ತದೆ, ಗಟ್ಟಿ ಪದರ ಕಟ್ಟುತ್ತದೆ, ತನ್ನದೇ ಆದ ಸಿಎಫ್‌ಟಿಆರ್ ಇಲ್ಲ.

ಕರೆಕ್ಟರ್ ಹುಡುಕುವಾಗ ಎಫ್508ಡೆಲ್ ಇರುವ ಕೋಶದ ಮೇಲೆ ಸ್ಯಾಂಪಲನ್ನು ಒಂದು ರಾತ್ರಿ 37 ಡಿಗ್ರಿಯಲ್ಲಿ ಬಿಡುತ್ತಾರೆ. ಬೆಳಗ್ಗೆ ಅದನ್ನು ತೊಳೆದು, ಸಿಎಫ್‌ಟಿಆರ್ ಎಬ್ಬಿಸುವ ಫಾರ್ಸ್ಕೋಲಿನ್ ಮತ್ತು ಗೊತ್ತಿರುವ ಒಂದು ಪೊಟೆನ್ಷಿಯೇಟರ್ ಹಾಕಿ ಓದುತ್ತಾರೆ. ಪೊಟೆನ್ಷಿಯೇಟರ್ ಹುಡುಕುವುದಾದರೆ ಉಲ್ಟಾ. ಕೋಶವನ್ನು ಮೊದಲೇ 27 ಡಿಗ್ರಿಯಲ್ಲಿ ಇಟ್ಟು ಎಫ್508ಡೆಲ್ ಪ್ರೋಟೀನನ್ನು ಪೊರೆಗೆ ತರುತ್ತಾರೆ (ತಣ್ಣಗಿಟ್ಟರೆ ಈ ಪ್ರೋಟೀನ್ ಸ್ವಲ್ಪ ಸರಿಯಾಗಿ ಮಡಚಿಕೊಳ್ಳುತ್ತದೆ ಅಂತ 1992ರಲ್ಲೇ ಗೊತ್ತಾಗಿತ್ತು), ಓದುವ ಕೆಲವು ನಿಮಿಷ ಮೊದಲು ಮಾತ್ರ ಸ್ಯಾಂಪಲ್ ಹಾಕುತ್ತಾರೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಪ್ರೋಟೊಕಾಲನ್ನು ಹಾಗೇ ಎತ್ತಿಕೊಳ್ಳುವವರು ಇವೆರಡನ್ನೂ ಕಲಸಿಬಿಡುತ್ತಾರೆ. ಆಮೇಲೆ ಬಂದ ಹಿಟ್ (ಪರೀಕ್ಷೆಯಲ್ಲಿ ಫಲ ತೋರಿಸಿದ ಸ್ಯಾಂಪಲ್) ಯಾವ ಜಾತಿಯದ್ದು ಅಂತ ಹೇಳಲು ಬರುವುದಿಲ್ಲ.

ಇದು ಮೋಸ ಹೋಗುವ ದಾರಿ ಹಲವು. ಅಯೋಡೈಡ್ ಸಿಎಫ್‌ಟಿಆರ್ ಅಲ್ಲದ ಬೇರೆ ಚಾನೆಲ್ (ಪೊರೆಯಲ್ಲಿರುವ ಬಾಗಿಲು) ಮೂಲಕವೂ ಒಳಗೆ ಬರಬಹುದು, ಕ್ಯಾಲ್ಸಿಯಂನಿಂದ ತೆರೆಯುವ ಟಿಎಂಇಎಂ16ಎ ಅಂಥದ್ದೇ ಒಂದು. ಸಿಎಫ್‌ಟಿಆರ್‌ಗೆ ತೆರೆ ಅಂತ ಸಂದೇಶ ಮುಟ್ಟಿಸುವ ಸೈಕ್ಲಿಕ್ ಎಎಂಪಿಯನ್ನು ಸ್ಯಾಂಪಲ್ ಕೋಶದಲ್ಲಿ ಏರಿಸಿದರೂ ಸಿಎಫ್‌ಟಿಆರ್ ಸರಿ ಮಾಡಿದ ಹಾಗೆಯೇ ಕಾಣುತ್ತದೆ. ಸ್ಯಾಂಪಲ್‌ಗೆ ತನ್ನದೇ ಬಣ್ಣ ಅಥವಾ ಹೊಳಪು ಇದ್ದರಂತೂ ಕೇಳುವುದೇ ಬೇಡ. ಅದಕ್ಕೆ ಸಿಎಫ್‌ಟಿಆರ್ ಇಲ್ಲದ ಅದೇ ಕೋಶದಲ್ಲಿ ಒಂದು ಓಟ, ಸಿಎಫ್‌ಟಿಆರ್ ಮುಚ್ಚುವ ಸಿಎಫ್‌ಟಿಆರ್‌ಇನ್ಹ್-172 ಹಾಕಿ ಇನ್ನೊಂದು ಓಟ, ಎರಡೂ ಬೇಕೇ ಬೇಕು.

ವೋಲ್ಟೇಜ್ ತೋರಿಸುವ ಬಣ್ಣಗಳು

ಕ್ಲೋರೈಡ್ ಓಡಾಡಿದರೆ ಪೊರೆಯ ಆಚೀಚೆ ವೋಲ್ಟೇಜ್ ಬದಲಾಗುತ್ತದೆ. ಅದಕ್ಕೆ ತಕ್ಕ ಹಾಗೆ ಹೊಳೆಯುವ ಬಣ್ಣಗಳಿವೆ. ಇವತ್ತಿನ ಮಾತ್ರೆಗಳು ಬಂದದ್ದು ಈ ದಾರಿಯಿಂದ. ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ ಸ್ಯಾನ್ ಡಿಯಾಗೋದ ಅರೋರಾ ಬಯೋಸೈನ್ಸಸ್ ಕಂಪನಿಗೆ ದುಡ್ಡು ಕೊಟ್ಟು ಹುಡುಕಾಟ ಶುರು ಮಾಡಿಸಿತು, 2001ರಲ್ಲಿ ವರ್ಟೆಕ್ಸ್ ಅನ್ನುವ ಔಷಧ ಕಂಪನಿ ಅದನ್ನು ಕೊಂಡಿತು. ಸುಮಾರು 2,28,000 ಸಣ್ಣ ಅಣುಗಳನ್ನು ನೋಡಿ, ಸಿಕ್ಕಿದ್ದನ್ನು ರಸಾಯನಶಾಸ್ತ್ರಜ್ಞರು ತಿದ್ದಿ ತಿದ್ದಿ ಐವಾಕ್ಯಾಫ್ಟರ್ ಅನ್ನುವ ಪೊಟೆನ್ಷಿಯೇಟರ್ ಮಾಡಿದರು. 2012ರ ಜನವರಿಯಲ್ಲಿ ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಕರೆಕ್ಟರ್ ಲುಮಾಕ್ಯಾಫ್ಟರ್‌ಗಾಗಿ ನೋಡಿದ್ದು ಸುಮಾರು 1,64,000.

ಹಳದಿ ಹೊಳಪಿಗೂ ಇದಕ್ಕೂ ಯಾವುದು ಮೇಲು? ವೋಲ್ಟೇಜ್ ಬಣ್ಣ ತುಂಬ ಸೂಕ್ಷ್ಮ, ಸಣ್ಣ ಬದಲಾವಣೆಯನ್ನೂ ಹಿಡಿಯುತ್ತದೆ. ಕೋಶಕ್ಕೆ ಇನ್ನೊಂದು ಜೀನ್ ಸೇರಿಸುವ ಕೆಲಸವೂ ಇಲ್ಲ, ಹಾಗಾಗಿ ರೋಗಿಯ ಕೋಶದಲ್ಲೂ ಬಳಸಬಹುದು. ಆದರೆ ಪೊಟ್ಯಾಸಿಯಂ ಚಾನೆಲ್ ತೆರೆದರೂ, ಸೋಡಿಯಂ ನುಗ್ಗಿದರೂ ವೋಲ್ಟೇಜ್ ಬದಲಾಗುತ್ತದೆ. ಚಾನೆಲ್ ಎರಡು ಪಟ್ಟು ತೆರೆಯಿತು ಅಂದರೆ ಹೊಳಪು ಎರಡು ಪಟ್ಟು ಆಗುತ್ತದೆ ಅಂತಲೂ ಇಲ್ಲ. ನನ್ನ ಮಟ್ಟಿಗೆ, ಈಗಷ್ಟೇ ಶುರು ಮಾಡುವ ಕಾಲೇಜು ಲ್ಯಾಬಿಗೆ ಹಳದಿ ಹೊಳಪೇ ವಾಸಿ. ವೈಎಫ್‌ಪಿ ಇರುವ ಕೋಶ ಒಂದು ಸಲ ಸಿಕ್ಕಿತು ಅಂದರೆ ಮುಂದೆ ದುಬಾರಿ ಬಣ್ಣ ತರಿಸುತ್ತ ಇರಬೇಕಾಗಿಲ್ಲ.

ಪೊರೆಗೆ ಬಂತಾ ಇಲ್ಲವಾ ಅಂತ ಮಾತ್ರ ನೋಡುವುದು

ಚಾನೆಲಿನ ಹೊರಭಾಗಕ್ಕೆ ಒಂದು ಗುರುತು ಕಟ್ಟಿ, ಅದು ಕೋಶದ ಮೇಲ್ಮೈಯಲ್ಲಿ ಎಷ್ಟು ಇದೆ ಅಂತ ಎಣಿಸುವ ಪರೀಕ್ಷೆಗಳೂ ಇವೆ. ಕರೆಕ್ಟರ್‌ಗೆ ಮಾತ್ರ ಉಪಯೋಗ. ಬಂದ ಪ್ರೋಟೀನ್ ಕೆಲಸ ಮಾಡುತ್ತದಾ ಅಂತ ಇದು ಹೇಳುವುದಿಲ್ಲ. ಬ್ಯುಟಿರೇಟ್ ತರದ ವಸ್ತುಗಳು ಲ್ಯಾಬಿನಲ್ಲಿ ಸೇರಿಸಿದ ಜೀನನ್ನೇ ಜೋರಾಗಿ ಓಡಿಸಿ ಸುಳ್ಳು ಹಿಟ್ ಕೊಡುತ್ತವೆ. ಇದರ ಬದಲು ಹಿಟ್ ಸಿಕ್ಕ ಮೇಲೆ ಒಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪಟ್ಟಿಗಳಾಗಿ ತೋರಿಸುವ ಪರೀಕ್ಷೆ) ಮಾಡಿ. ಕೋಶದೊಳಗೇ ಸಿಕ್ಕಿಬಿದ್ದ ಸಿಎಫ್‌ಟಿಆರ್ ಕೆಳಗೆ ಬಿ ಪಟ್ಟಿಯಾಗಿ, ಸಕ್ಕರೆ ಸರಪಳಿ ಪೂರ್ತಿ ಸೇರಿ ಬೆಳೆದದ್ದು ಮೇಲೆ ಸಿ ಪಟ್ಟಿಯಾಗಿ ಬೇರೆಬೇರೆ ಕಾಣುತ್ತದೆ. ಸಿ ಪಟ್ಟಿ ದಪ್ಪ ಆಗದೆ ಕರೆಕ್ಟರ್ ಸಿಕ್ಕಿತು ಅಂದರೆ ಯಾರೂ ನಂಬುವುದಿಲ್ಲ.

ಮಿಣುಕುಹುಳದ ಎಂಜೈಮ್ ಮಾಡಿದ ತಮಾಷೆ

ಬಾಗಿಲೇ ತಯಾರಾಗದ ಗುಂಪಿಗೆ ಬೇರೆ ತಂತ್ರ ಬೇಕು. ಜೀನಿನ ನಡುವೆ ತಪ್ಪಾಗಿ ಬಂದ ನಿಲುಗಡೆ ಗುರುತನ್ನು ದಾಟಿಸುವ ಮದ್ದು. ಇದನ್ನು ಹುಡುಕಲು ಮಿಣುಕುಹುಳದ ಲೂಸಿಫರೇಸ್ ಜೀನಿನೊಳಗೆ ಅಂಥದೇ ಒಂದು ನಿಲುಗಡೆ ಇಡುತ್ತಾರೆ. ಮದ್ದು ದಾಟಿಸಿತು ಅಂದರೆ ಬೆಳಕು ಬರುತ್ತದೆ. ಕೇಳಲು ಎಷ್ಟು ಚೆಂದ ಅಲ್ವಾ? ಅಟಾಲುರೆನ್ ಹೀಗೆಯೇ ಸಿಕ್ಕಿತು. 2009ರಲ್ಲಿ ಬೇರೆ ಸಂಶೋಧಕರು ತೋರಿಸಿದ್ದು ಏನೆಂದರೆ, ಈ ಅಣು ನೇರವಾಗಿ ಲೂಸಿಫರೇಸ್ ಎಂಜೈಮಿಗೇ ಅಂಟಿಕೊಂಡು ಅದು ಬೇಗ ಕರಗಿಹೋಗದ ಹಾಗೆ ಮಾಡುತ್ತದೆ, ಹಾಗಾಗಿ ನಿಲುಗಡೆ ದಾಟದಿದ್ದರೂ ಬೆಳಕು ಜಾಸ್ತಿ ಕಾಣಬಹುದು. ಕಡಲಲ್ಲಿ ಸಿಗುವ ರೆನಿಲ್ಲಾ ಜೀವಿಯ ಲೂಸಿಫರೇಸ್ ಇಟ್ಟು ನೋಡಿದಾಗ ಆ ಪರಿಣಾಮವೇ ಇರಲಿಲ್ಲ. ಅಟಾಲುರೆನ್ ತಯಾರಿಸಿದ ಕಂಪನಿ ಒಪ್ಪಲಿಲ್ಲ, ವಾದ ನಡೆಯಿತು. ಕೊನೆಗೆ 2017ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ದೊಡ್ಡ ಪ್ರಯೋಗದಲ್ಲಿ ಉಪಯೋಗ ಕಾಣದೆ, ಈ ರೋಗಕ್ಕೆ ಅದನ್ನು ಕೈಬಿಟ್ಟರು.

ಹಾಗಂತ ಲೂಸಿಫರೇಸ್ ಬೇಡ ಅನ್ನುತ್ತಿಲ್ಲ. ಒಂದೇ ಎಂಜೈಮನ್ನು ನಂಬಬೇಡಿ. ಎರಡು ಬೇರೆ ಜಾತಿಯ ಎಂಜೈಮ್ ಇಡಿ, ಶುದ್ಧ ಎಂಜೈಮಿನ ಮೇಲೂ ಸ್ಯಾಂಪಲ್ ಹಾಕಿ ನೋಡಿ, ಆಮೇಲೆ ನಿಜವಾದ ಸಿಎಫ್‌ಟಿಆರ್ ಪ್ರೋಟೀನ್ ಬಂದಿದೆಯಾ ಅಂತ ಬ್ಲಾಟಿನಲ್ಲಿ ತೋರಿಸಿ.

ಉಸ್ಸಿಂಗ್ ಚೇಂಬರ್

ನನಗೆ ಹೆಚ್ಚು ಗೌರವ ಇರುವುದು ಈ ಹಳೇ ಸಾಧನದ ಮೇಲೆ. ಡೆನ್ಮಾರ್ಕಿನ ಹ್ಯಾನ್ಸ್ ಉಸ್ಸಿಂಗ್ 1950ರ ಆಸುಪಾಸಿನಲ್ಲಿ ಕಪ್ಪೆಯ ಚರ್ಮ ಇಟ್ಟು ಅಯಾನುಗಳ ಓಡಾಟ ಅಳೆಯಲು ಮಾಡಿದ್ದು. ಎರಡು ಅರ್ಧ ಪೆಟ್ಟಿಗೆ, ನಡುವೆ ಕೋಶಗಳ ಪದರ, ಎರಡೂ ಕಡೆ ಉಪ್ಪಿನ ದ್ರಾವಣ. ಪದರದ ಆಚೀಚೆ ವೋಲ್ಟೇಜ್ ಸೊನ್ನೆಯಲ್ಲಿ ಹಿಡಿದಿಡಲು ಎಷ್ಟು ಕರೆಂಟ್ ಬೇಕು ಅನ್ನುವುದನ್ನು ಅಳೆಯುತ್ತದೆ.

ಇದಕ್ಕೆ ಸಿಗುವ ಅತಿ ಒಳ್ಳೆಯ ಪದರ ರೋಗಿಯ ಶ್ವಾಸನಾಳದ್ದೇ. ಶ್ವಾಸಕೋಶ ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗದಿಂದ ಕೋಶ ತೆಗೆದು, ಕೆಳಗೆ ಪೋಷಕ ದ್ರವ, ಮೇಲೆ ಗಾಳಿ ಇರುವ ಹಾಗೆ ಮೂರು ನಾಲ್ಕು ವಾರ ಬೆಳೆಸುತ್ತಾರೆ. ಅಷ್ಟು ಹೊತ್ತಿಗೆ ರೋಮ ಬಡಿಯುತ್ತಿರುತ್ತದೆ, ಕಫವೂ ಬರುತ್ತದೆ. ಮೂಗಿನಿಂದ ಬ್ರಷ್‌ನಲ್ಲಿ ಕೆರೆದು ತೆಗೆದ ಕೋಶದಲ್ಲೂ ಈಗ ಮಾಡುತ್ತಾರೆ. ಆಮೇಲೆ ಒಂದೊಂದಾಗಿ ಹಾಕುತ್ತ ಹೋಗುವುದು. ಅಮಿಲೋರೈಡ್ ಹಾಕಿ ಸೋಡಿಯಂ ದಾರಿ ಮುಚ್ಚು, ಫಾರ್ಸ್ಕೋಲಿನ್ ಹಾಕಿ ಸಿಎಫ್‌ಟಿಆರ್ ಎಬ್ಬಿಸು, ಪೊಟೆನ್ಷಿಯೇಟರ್ ಹಾಕು, ಕೊನೆಗೆ ಇನ್ಹ್-172 ಹಾಕಿ ಮುಚ್ಚು. ಕೊನೆಯಲ್ಲಿ ಎಷ್ಟು ಕರೆಂಟ್ ಇಳಿಯಿತೋ ಅಷ್ಟೇ ಸಿಎಫ್‌ಟಿಆರ್ ಪಾಲು. ಈ ಇಳಿತ ತೋರಿಸದ ಗ್ರಾಫ್ ಯಾವ ಪೋಸ್ಟರಿನಲ್ಲಿ ಕಂಡರೂ ನಾನು ಎರಡನೇ ಸಲ ನೋಡುವುದಿಲ್ಲ.

ಇದರ ಅಂಕಿ ರೋಗಿಯ ತನಕ ಹೊಂದುತ್ತದಾ? ಸುಮಾರಾಗಿ ಹೊಂದಿದೆ. ಒಂದು ಜಿ551ಡಿ, ಒಂದು ಎಫ್508ಡೆಲ್ ಇರುವವರ ಕೋಶದಲ್ಲಿ ಐವಾಕ್ಯಾಫ್ಟರ್, ಆರೋಗ್ಯವಂತರ ಮಟ್ಟದ ಅರ್ಧದಷ್ಟು ಕ್ಲೋರೈಡ್ ಸಾಗಾಟ ತಂದಿತ್ತು, ರೋಗಿಗಳಲ್ಲೂ ಒಳ್ಳೆಯ ಫಲ ಕೊಟ್ಟಿತು. ಎರಡೂ ಎಫ್508ಡೆಲ್ ಇರುವವರ ಕೋಶದಲ್ಲಿ ಲುಮಾಕ್ಯಾಫ್ಟರ್ ತಂದದ್ದು ಸುಮಾರು ಶೇ 14 ಮಾತ್ರ. ಅದೊಂದನ್ನೇ ಕೊಟ್ಟಾಗ ಉಸಿರಾಟ ಸುಧಾರಿಸಲಿಲ್ಲ, ಐವಾಕ್ಯಾಫ್ಟರ್ ಜೊತೆ ಸೇರಿಸಿ 2015ರಲ್ಲಿ ಬಂದ ಮಾತ್ರೆಯದ್ದೂ ಸಣ್ಣ ಗೆಲುವೇ. ಮೂರು ಮದ್ದು ಸೇರಿದ ಟ್ರೈಕಾಫ್ಟಾ 2019ರಲ್ಲಿ ಬಂದಾಗ ಮಾತ್ರ ಕತೆ ಬದಲಾಯಿತು, ಶ್ವಾಸಕೋಶದ ಬಲ ತೋರಿಸುವ ಅಳತೆ ಸುಮಾರು 14 ಅಂಶ ಮೇಲೇರಿತು.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. 2014ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು: ಐವಾಕ್ಯಾಫ್ಟರನ್ನು ಹತ್ತು ನಿಮಿಷ ಹಾಕುವ ಬದಲು ದಿನಗಟ್ಟಲೆ ಕೋಶದ ಜೊತೆ ಬಿಟ್ಟರೆ, ಕರೆಕ್ಟರ್ ಸರಿ ಮಾಡಿದ ಎಫ್508ಡೆಲ್ ಪ್ರೋಟೀನನ್ನು ಅದೇ ಸಡಿಲ ಮಾಡುತ್ತದೆ. ರೋಗಿ ಮಾತ್ರೆ ನುಂಗುವುದು ದಿನವೂ, ಹತ್ತು ನಿಮಿಷಕ್ಕಲ್ಲ. ಆದ್ದರಿಂದ ಉಸ್ಸಿಂಗ್ ಮಾಡುವಾಗ ಎರಡು ಗುಂಪು ಇಡಿ, ಒಂದಕ್ಕೆ ಕೊನೇ ಗಳಿಗೆಯಲ್ಲಿ, ಇನ್ನೊಂದಕ್ಕೆ ಹಿಂದಿನ ದಿನದಿಂದಲೇ.

ತೊಂದರೆ ಏನೆಂದರೆ ಇದು ಬಲು ನಿಧಾನ. ಒಂದು ಸಾಧನದಲ್ಲಿ ಒಮ್ಮೆಗೆ ಆರೋ ಎಂಟೋ ಪದರ. 24 ಗುಳಿಯ ಯಂತ್ರಗಳು ಬಂದಿವೆ, ಆದರೂ ಲಕ್ಷದ ಲೆಕ್ಕಕ್ಕೆ ಆಗುವುದಿಲ್ಲ. ಒಬ್ಬ ರೋಗಿಯ ಕೋಶಕ್ಕೂ ಇನ್ನೊಬ್ಬರದ್ದಕ್ಕೂ ವ್ಯತ್ಯಾಸ ಇರುತ್ತದೆ, ಒಬ್ಬರದ್ದನ್ನೇ ಹತ್ತು ಸಲ ಓಡಿಸಿ ಹತ್ತು ಅಂತ ಬರೆಯುವುದು ತಪ್ಪು. ಮತ್ತೆ ನಮ್ಮ ಊರಿನ ಕಷ್ಟ ಬೇರೆ: ಮಳೆಗಾಲದಲ್ಲಿ ಶಿರಸಿಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ. ಮೂರು ವಾರ ಸಾಕಿದ ಪದರ ಇನ್‌ಕ್ಯುಬೇಟರಿನೊಳಗೇ ಹಾಳು. ಜನರೇಟರ್ ಇಲ್ಲದ ಲ್ಯಾಬ್ ಇದಕ್ಕೆ ಕೈ ಹಾಕುವುದು ಬೇಡ.

ಕರುಳಿನ ಆರ್ಗನಾಯ್ಡ್

ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ನಲ್ಲಿ ಬೆಳೆದದ್ದು, 2013ರಲ್ಲಿ ಪ್ರಕಟವಾಯಿತು. ಗುದನಾಳದಿಂದ ಚಿಟಿಕೆ ಅಂಗಾಂಶ ತೆಗೆದು ಜೆಲ್‌ನಲ್ಲಿ ಬೆಳೆಸಿದರೆ ಟೊಳ್ಳು ಗುಂಡುಗಳಾಗುತ್ತವೆ. ಫಾರ್ಸ್ಕೋಲಿನ್ ಹಾಕಿದರೆ ಸಿಎಫ್‌ಟಿಆರ್ ಇದ್ದವು ಒಂದು ಗಂಟೆಯೊಳಗೆ ನೀರು ತುಂಬಿ ಊದುತ್ತವೆ, ಇಲ್ಲದವು ಹಾಗೇ ಇರುತ್ತವೆ. ಊದಿದ್ದು ಸಿಎಫ್‌ಟಿಆರ್‌ನಿಂದಲೇ ಅಂತ ಹೆಚ್ಚುಕಡಿಮೆ ಖಾತ್ರಿ, ಯಾಕೆಂದರೆ ಇಲ್ಲಿ ಬೇರೆ ಕ್ಲೋರೈಡ್ ದಾರಿಗಳ ಗಲಾಟೆ ಕಡಿಮೆ. ಫ್ರೀಜ್ ಮಾಡಿಟ್ಟು ವರ್ಷಗಳ ನಂತರವೂ ಬಳಸಬಹುದು. ಅಪರೂಪದ ಬದಲಾವಣೆ ಇರುವ ರೋಗಿಗೆ ಯಾವ ಮಾತ್ರೆ ಹಿಡಿಯುತ್ತದೆ ಅಂತ ಅವರದೇ ಗುಂಡುಗಳಲ್ಲಿ ನೋಡಿ ಕೊಟ್ಟ ಉದಾಹರಣೆಗಳು ಅಲ್ಲಿವೆ.

ನಮ್ಮ ದೇಶಕ್ಕೆ ಹೆಚ್ಚು ಹೊಂದುವುದು ಇದೇ ಅಂತ ನನ್ನ ಅನಿಸಿಕೆ. ಇಲ್ಲಿ ಎಫ್508ಡೆಲ್ ಪಾಲು ಯುರೋಪಿಗಿಂತ ಕಡಿಮೆ, ಉಳಿದದ್ದು ಚೆಲ್ಲಾಪಿಲ್ಲಿ. ಒಂದೊಂದಕ್ಕೂ ಕೋಶ ತಯಾರಿಸುವ ಬದಲು ರೋಗಿಯದ್ದನ್ನೇ ಬೆಳೆಸುವುದು ನೇರ ದಾರಿ. ಆದರೆ ಕರುಳು ಶ್ವಾಸಕೋಶವಲ್ಲ, ಕಫದ ಮೇಲೆ, ಸೋಡಿಯಂ ದಾರಿಯ ಮೇಲೆ ಕೆಲಸ ಮಾಡುವ ಮದ್ದು ಇಲ್ಲಿ ಕಾಣುವುದೇ ಇಲ್ಲ. ಮೊದಲೇ ಅಷ್ಟಿಷ್ಟು ಸಿಎಫ್‌ಟಿಆರ್ ಇದ್ದವರ ಗುಂಡು ಹೆಚ್ಚು ಫಾರ್ಸ್ಕೋಲಿನ್‌ಗೆ ಪೂರ್ತಿ ಊದಿಬಿಡುತ್ತದೆ, ಮದ್ದಿನ ಫಲ ತೋರಲು ಜಾಗವೇ ಉಳಿಯುವುದಿಲ್ಲ. ಜೆಲ್ ದುಬಾರಿ, ಐಸ್‌ನಲ್ಲೇ ಬರಬೇಕು.

ಪ್ಯಾಚ್ ಕ್ಲ್ಯಾಂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಚಾನೆಲ್ ತೆರೆದು ಮುಚ್ಚುವುದನ್ನು ನೋಡಬಹುದು, ಮದ್ದು ಹೇಗೆ ಕೆಲಸ ಮಾಡುತ್ತದೆ ಅಂತ ಅರಿಯಲು ಸರಿ, ಹುಡುಕಲು ಅಲ್ಲ. ಸಿಎಫ್‌ಟಿಆರ್‌ನ ರಚನೆ ಗೊತ್ತಾದ ಮೇಲೆ ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಅಣು ಹೊಂದಿಸಿ ನೋಡುವುದೂ ನಡೆದಿದೆ. ಕಂಪ್ಯೂಟರ್ ಇದ್ದವರು ಮಾಡಲಿ, ಆದರೆ ಕೋಶದಲ್ಲಿ ತೋರಿಸದೆ ಅದು ಬರೀ ಪಟ್ಟಿ.

ಹಾಗಾದರೆ ಯಾರು ಯಾವುದನ್ನು?

ಶುದ್ಧ ಅಣುಗಳ ದೊಡ್ಡ ಸಂಗ್ರಹ ಇದ್ದರೆ ಹಳದಿ ಹೊಳಪು ಅಥವಾ ವೋಲ್ಟೇಜ್ ಬಣ್ಣದಿಂದ ಶುರು ಮಾಡಿ, ಹಿಟ್‌ಗಳನ್ನು ಎಫ್‌ಆರ್‌ಟಿ ಪದರದ ಉಸ್ಸಿಂಗ್‌ಗೆ ತನ್ನಿ, ಉಳಿದ ನಾಲ್ಕಾರನ್ನು ರೋಗಿಯ ಕೋಶಕ್ಕೆ ಒಯ್ಯಿರಿ. ಪ್ಲೇಟಿನ ಗುಣಮಟ್ಟ ಹೇಳುವ ಜೆಡ್ ಪ್ರೈಮ್ ಅಂಕಿ 0.5 ದಾಟದ ದಿನದ ಫಲಿತಾಂಶ ಎಸೆಯಿರಿ. ನಿಮ್ಮ ಹತ್ತಿರ ಒಂದು ಅಪರೂಪದ ಬದಲಾವಣೆ ಇದ್ದು, ಈಗಾಗಲೇ ಇರುವ ಮಾತ್ರೆ ಹಿಡಿಯುತ್ತದಾ ಅಂತ ಮಾತ್ರ ನೋಡಬೇಕಿದ್ದರೆ ಎಫ್‌ಆರ್‌ಟಿ ಸಾಕು, ಆ ಬದಲಾವಣೆಯನ್ನು ಅದರಲ್ಲಿ ಕೂರಿಸಿ ಕರೆಂಟ್ ಅಳೆಯಿರಿ. ಇದನ್ನು ಕೀಳಾಗಿ ನೋಡಬೇಡಿ. 2017ರಲ್ಲಿ ಎಫ್‌ಡಿಎ ಐವಾಕ್ಯಾಫ್ಟರ್ ಬಳಕೆಯನ್ನು ಇನ್ನೂ 23 ಬದಲಾವಣೆಗಳಿಗೆ ವಿಸ್ತರಿಸಿದ್ದು ಇಂಥ ಲ್ಯಾಬ್ ಅಂಕಿಗಳನ್ನು ನೋಡಿ. 2020ರ ಡಿಸೆಂಬರಿನಲ್ಲಿ ಟ್ರೈಕಾಫ್ಟಾಗೆ 177 ಬದಲಾವಣೆ ಸೇರಿಸಿದ್ದಕ್ಕೂ ಇದೇ ಆಧಾರ. ಆದರೆ ಜೀನಿನ ಓದುವಿಕೆಯೇ ಕೆಡುವ ಸ್ಪ್ಲೈಸಿಂಗ್ ಬದಲಾವಣೆಗಳಿಗೆ ಇದು ನಡೆಯುವುದಿಲ್ಲ. ಎಫ್‌ಆರ್‌ಟಿಗೆ ಹಾಕುವುದು ಕತ್ತರಿಸಿ ಜೋಡಿಸಿ ಮುಗಿದ ಜೀನನ್ನು, ಅಲ್ಲಿ ಆ ದೋಷ ಕಾಣುವುದೇ ಇಲ್ಲ. ಅದಕ್ಕೆ ರೋಗಿಯದೇ ಕೋಶ ಬೇಕು.

ಈಗ ನಮ್ಮವರ ಗಿಡದ ಸತ್ವಕ್ಕೆ ಬರೋಣ. ಇಲ್ಲಿ ಹಳದಿ ಹೊಳಪಿನಿಂದ ಶುರು ಮಾಡುವುದೇ ಗಂಡಾಂತರ. ಮುರುಗಲು ಸಿಪ್ಪೆಯ ಕೆಂಪು ಬೆಳಕನ್ನೇ ನುಂಗುತ್ತದೆ. ಎಲೆಯ ಹಸಿರು ತಾನೇ ಹೊಳೆಯುತ್ತದೆ. ಅಂಟುವಾಳ, ಸೀಗೆಯಂಥವುಗಳಲ್ಲಿ ನೊರೆ ಬರಿಸುವ ವಸ್ತು ಇದೆ, ಅದು ಪೊರೆಯನ್ನೇ ತೂತು ಮಾಡುತ್ತದೆ, ಆ ತೂತಿನಲ್ಲಿ ಅಯೋಡೈಡ್ ನುಗ್ಗಿದರೆ ಭರ್ಜರಿ ಹಿಟ್ ಅಂತ ಕಾಣುತ್ತದೆ! ಕೋಶ ಸಾಯುತ್ತಿದೆಯಾ ಅಂತ ಪಕ್ಕದ ಪ್ಲೇಟಿನಲ್ಲಿ ನೋಡಲೇಬೇಕು. ಅರಿಶಿನದ ಉದಾಹರಣೆ ಎಲ್ಲರೂ ತಿಳಿದಿರಬೇಕು. 2004ರಲ್ಲಿ ಕರ್ಕ್ಯುಮಿನ್ ಎಫ್508ಡೆಲ್ ಇಲಿಗಳಲ್ಲಿ ದೋಷ ಸರಿಮಾಡಿತು ಅಂತ ದೊಡ್ಡ ಸುದ್ದಿಯಾಯಿತು, ಅದೇ ವರ್ಷ ಬೇರೆ ಲ್ಯಾಬಿನವರು ಮಾಡಿ ನೋಡಿದಾಗ ಕರೆಕ್ಟರ್ ಗುಣ ಸಿಗಲಿಲ್ಲ. ಕರ್ಕ್ಯುಮಿನ್‌ಗೆ ತನ್ನದೇ ಹೊಳಪಿದೆ, ನೀರಿನಲ್ಲಿ ನಿಲ್ಲುವುದಿಲ್ಲ, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟುತ್ತದೆ. ಸ್ಕ್ರೀನಿಂಗ್ ಮಾಡುವವರಿಗೆ ಅದನ್ನು ಕಂಡರೆ ಹೆದರಿಕೆ.

ಹಾಗಾಗಿ ಸತ್ವದ ಕೆಲಸಕ್ಕೆ ನನ್ನ ಸಲಹೆ ಹೀಗೆ. ಕಚ್ಚಾ ಸತ್ವ ಹಾಕಬೇಡಿ, ಕಾಲಮ್‌ನಲ್ಲಿ (ಸತ್ವದ ವಸ್ತುಗಳನ್ನು ಬೇರ್ಪಡಿಸುವ ಕೊಳವೆ) ಭಾಗ ಮಾಡಿ ಹಾಕಿ. ಸ್ಯಾಂಪಲ್ ಕಡಿಮೆ ಇದ್ದರೆ ಹೊಳಪಿನ ಪರೀಕ್ಷೆ ಬಿಟ್ಟು ನೇರವಾಗಿ ಎಫ್‌ಆರ್‌ಟಿ ಪದರದ ಕರೆಂಟ್ ಅಳೆಯಿರಿ, ಬಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಪದರದ ಪ್ರತಿರೋಧ ಕುಸಿದರೆ ತೂತು ಬಿದ್ದಿದ್ದೂ ಅಲ್ಲೇ ಗೊತ್ತಾಗುತ್ತದೆ. ಸ್ಯಾಂಪಲ್ ಕರಗಿಸುವ ಡಿಎಂಎಸ್‌ಒ ದ್ರಾವಕ ಎಲ್ಲ ಗುಳಿಯಲ್ಲೂ ಒಂದೇ ಪ್ರಮಾಣ ಇರಲಿ. ಇನ್ನೊಂದು ತಮಾಷೆ: ಸಿಎಫ್‌ಟಿಆರ್ ಮುಚ್ಚುವ ಭಾಗ ಸಿಕ್ಕರೂ ಎಸೆಯಬೇಡಿ. ಕಾಲರಾ ಭೇದಿಯಲ್ಲಿ ನೀರು ಹರಿಯುವುದು ಇದೇ ಚಾನೆಲಿನಿಂದ. ದಕ್ಷಿಣ ಅಮೆರಿಕದ ಒಂದು ಕ್ರೋಟಾನ್ ಮರದ ಕೆಂಪು ಹಾಲಿನಿಂದ ಬಂದ ಕ್ರೋಫೆಲೆಮರ್ ಹೀಗೆ ಚಾನೆಲ್ ಮುಚ್ಚಿಯೇ ಭೇದಿಯ ಮದ್ದಾಯಿತು.

ಕಾಗದದ ಕೆಲಸವೂ ಇದೆ. ರೋಗಿಯ ಕೋಶ ಅಂದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಕೆಲವು ಸ್ಪಂಜು, ಹವಳ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಕಾರವಾರದ ಬಂಡೆಯಿಂದ ಸುಮ್ನೆ ಕಿತ್ತು ತರುವ ಹಾಗಿಲ್ಲ. ಸತ್ವವನ್ನು ವಿದೇಶದ ಲ್ಯಾಬಿಗೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆ ಓದಿ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ವಿಚಾರಿಸಿ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಕೋಶ ತರಿಸುವ ಮೊದಲೇ ಅರ್ಜಿ ಹಾಕಿಬಿಡಿ.